ಮಂಡಿಯಿಂದ ತೆಗೆದ ಕಂದು ನೀರನ್ನು ಚೆಲ್ಲಬೇಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಮಂಡಿನೋವಿನ ಬಗ್ಗೆ ಪತ್ರಿಕೆಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಸವಕಳಿ, ತೂಕ, ವಯಸ್ಸು ಇವುಗಳ ಸುತ್ತಲೇ ಇರುತ್ತವೆ. ಬಹುಪಾಲು ಜನರ ನೋವಿಗೆ ಅವೇ ಕಾರಣವಾದ್ದರಿಂದ ಅದನ್ನು ತಪ್ಪೆನ್ನಲಾರೆ. ಆದರೆ ಬಿದ್ದ, ಪೆಟ್ಟಾದ ನೆನಪೇ ಇಲ್ಲದೆ, ಪ್ರಾಯದವರ ಒಂದೇ ಒಂದು ಕೀಲು ಮತ್ತೆ ಮತ್ತೆ ಊದಿಕೊಳ್ಳುವ ಅಪರೂಪದ ಕಾಯಿಲೆಯೊಂದಿದೆ. ಅದರ ಹೆಸರು ತಿಳಿಯಲು ನಮ್ಮ ಮನೆಯವರಿಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಆ ವಿಳಂಬ ಇನ್ನೊಂದು ಮನೆಗೆ ಬಾರದಿರಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಕುಂದಾಪುರದ ಕಡೆಯಿಂದ ಬಂದು ಮುಂಬಯಿಯ ಉಪನಗರದ ಹೋಟೆಲೊಂದರಲ್ಲಿ ಕೆಲಸಕ್ಕೆ ನಿಂತ ನನ್ನ ಸೋದರಳಿಯನಿಗೆ 24ನೇ ವಯಸ್ಸಿನಲ್ಲಿ ಬಲಮಂಡಿ ಊದಿತು. ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತೇ ಮಾಡುವ ಕೆಲಸವಾದ್ದರಿಂದ ಇದು ನಿಂತು ನಿಂತು ಬಂದ ನೋವು ಎಂದು ನಾವೂ ತಿಳಿದೆವು, ಹೋಟೆಲಿನ ಯಜಮಾನರೂ ತಿಳಿದರು. ಊರಿನಿಂದ ಅಕ್ಕ ತೈಲ ಕಳಿಸಿದಳು. ಇಲ್ಲಿಯ ವೈದ್ಯರೊಬ್ಬರು ನೋವಿನ ಗುಳಿಗೆ ಕೊಟ್ಟು ಎಕ್ಸ್‌ರೇ ತೆಗೆಸಿದರು. ಅದರಲ್ಲಿ ಏನೂ ಕಾಣಲಿಲ್ಲ. ಊತ ಇಳಿಯದಿದ್ದಾಗ ಸಿರಿಂಜಿನಿಂದ ನೀರು ತೆಗೆದರು. ನಾನು ಪಕ್ಕದಲ್ಲೇ ನಿಂತು ನೋಡುತ್ತಿದ್ದೆ. ಬಂದ ನೀರು ಹಾಲು ಹಾಕದ ಚಹಾದ ಬಣ್ಣದ್ದಾಗಿತ್ತು. ಅದನ್ನು ಪ್ರಯೋಗಾಲಯಕ್ಕೆ ಕಳಿಸದೆ ಚೆಲ್ಲಿ, ಮಂಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು. ಈ ಬಣ್ಣವೇಕೆ ಎಂದು ಕೇಳಬೇಕೆಂಬುದು ನನಗೂ ಹೊಳೆಯಲಿಲ್ಲ. ಒಂದು ವರ್ಷದಲ್ಲಿ ಹೀಗೆ ಮೂರು ಸಲ ನಡೆಯಿತು.

ಆಮೇಲೆ ಇನ್ನೊಂದು ಆಸ್ಪತ್ರೆಯಲ್ಲಿ ಕೀಲಿನ ಕ್ಷಯವಿರಬಹುದೆಂದು ಎಕೆಟಿ, ಅಂದರೆ ಕ್ಷಯದ, ಗುಳಿಗೆಗಳನ್ನು ಶುರುಮಾಡಿದರು. ನಮ್ಮ ದೇಶದಲ್ಲಿ ಒಂದೇ ಕೀಲು ಬಹುಕಾಲ ಊದಿದರೆ ವೈದ್ಯರು ಕ್ಷಯವನ್ನು ಶಂಕಿಸುವುದು ಸರಿಯಾದದ್ದೇ, ಶಂಕಿಸದಿದ್ದರೆ ತಪ್ಪಾಗುತ್ತದೆ. ನನ್ನ ಆಕ್ಷೇಪ ಶಂಕೆಯ ಮೇಲಲ್ಲ. ಕೀಲಿನ ಒಳಪೊರೆಯ ಒಂದು ಚೂರನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡದೆ, ಕ್ಷಯದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರನ್ನಾಗಲಿ, ಅದರ ವಂಶವಾಹಿಯನ್ನು ಹುಡುಕುವ ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಯನ್ನಾಗಲಿ ಮಾಡಿಸದೆ, ಯಕೃತ್ತಿಗೆ ಹೊರೆಯಾಗಬಲ್ಲ ಔಷಧಗಳನ್ನು ತಿಂಗಳುಗಟ್ಟಲೆ ನುಂಗಿಸಿದ್ದರ ಮೇಲೆ ನನ್ನ ಆಕ್ಷೇಪವಿದೆ. ಆರು ತಿಂಗಳು ಹುಡುಗ ಕೆಂಪು ಮೂತ್ರ ಹೊಯ್ಯುತ್ತ, ಊಟ ಸೇರದೆ ಸೊರಗಿದ. ಮಂಡಿ ಮಾತ್ರ ಇದ್ದಂತೆಯೇ ಇತ್ತು.

ಕೊನೆಗೆ ಮೂಳೆ ಮತ್ತು ಕೀಲಿನ ತಜ್ಞರೊಬ್ಬರು ಹಳೆಯ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟು, "ತೆಗೆದ ನೀರು ಯಾವ ಬಣ್ಣದ್ದಿತ್ತು?" ಎಂದು ಕೇಳಿದರು. ಉತ್ತರ ಕೇಳಿದೊಡನೆ ಎಂಆರ್‌ಐ ಬರೆದುಕೊಟ್ಟರು. ಅದರ ಚಿತ್ರದಲ್ಲಿ ಮಂಡಿಯ ಮುಂದೆಯೂ ಹಿಂದೆಯೂ ಮಸಿ ಬಳಿದಂತೆ ಕಪ್ಪು ತೇಪೆಗಳಿದ್ದವು. ಪೊರೆಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ರೋಗ ಖಚಿತವಾಯಿತು: ಪಿಗ್ಮೆಂಟೆಡ್ ವಿಲ್ಲೋನಾಡ್ಯುಲರ್ ಸೈನೋವೈಟಿಸ್, ಚಿಕ್ಕದಾಗಿ ಪಿವಿಎನ್‌ಎಸ್.

ಈ ಹೆಸರಿನ ಕುರಿತು ಎರಡು ಮಾತು ಹೇಳಲೇಬೇಕು. ಅಮೆರಿಕದ ಜಾಫೆ, ಲಿಕ್ಟೆನ್‌ಸ್ಟೈನ್ ಮತ್ತು ಸುಟ್ರೊ ಎಂಬ ವೈದ್ಯರು 1941ರಲ್ಲಿ ಇದನ್ನು ವಿವರಿಸಿ ಈ ಹೆಸರಿಟ್ಟಾಗ ಇದೊಂದು ಬಗೆಯ ಉರಿಯೂತವೆಂದು ಭಾವಿಸಿದ್ದರು. ಇಂದು ಇದನ್ನು ಗಡ್ಡೆಗಳ ಸಾಲಿಗೆ ಸೇರಿಸಿ ಟೀನೋಸೈನೋವಿಯಲ್ ಜಯಂಟ್ ಸೆಲ್ ಟ್ಯೂಮರ್ ಎನ್ನುತ್ತಾರೆ. ನಮ್ಮ ಕೈಗೆ ಬಂದ ಒಂದು ವರದಿಯಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸ ಹೆಸರು ಇತ್ತು. ಎರಡು ಕಾಯಿಲೆಗಳಿವೆಯೆಂದು ಅಕ್ಕ ಎರಡು ದಿನ ಅತ್ತಳು. ಎರಡೂ ಒಂದೇ. ಟ್ಯೂಮರ್ ಎಂಬ ಪದ ಕೇಳಿ ಕಂಗೆಡಬೇಕಾಗಿಯೂ ಇಲ್ಲ, ಇದು ಕ್ಯಾನ್ಸರ್ ಅಲ್ಲ. ತೀರ ವಿರಳ ಸಂದರ್ಭಗಳನ್ನು ಬಿಟ್ಟರೆ ಇದು ದೇಹದ ಬೇರೆ ಭಾಗಕ್ಕೆ ಹರಡುವುದಿಲ್ಲ. ಹಾಗೆಂದು ಕಡೆಗಣಿಸುವಂತೆಯೂ ಇಲ್ಲ, ಏಕೆಂದರೆ ಬಿಟ್ಟರೆ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆದು, ಪ್ರಾಯದಲ್ಲೇ ಕೀಲು ಬದಲಿಸುವ ಸ್ಥಿತಿಗೆ ತರಬಲ್ಲದು.

ಇದು ನಡೆಯುವ ಬಗೆಯನ್ನು ಆ ತಜ್ಞರು ನಮಗೆ ಕಾಗದದ ಮೇಲೆ ಚಿತ್ರ ಬರೆದು ತಿಳಿಸಿದರು. ಕೀಲಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆಯೇ ಕೀಲಿಗೆ ಬೇಕಾದ ಜಾರುದ್ರವವನ್ನು ಒಸರುತ್ತದೆ. ಆ ಪೊರೆಯ ಕೆಲವೇ ಕೆಲವು ಕೋಶಗಳಲ್ಲಿ, ಹಲವು ರೋಗಿಗಳಲ್ಲಿ 1ನೇ ಮತ್ತು 2ನೇ ವರ್ಣತಂತುಗಳ (ಕ್ರೋಮೋಸೋಮ್) ತುಂಡುಗಳು ಅದಲುಬದಲಾಗಿ, ಸಿಎಸ್‌ಎಫ್1 ಎಂಬ ಸಂಕೇತವಸ್ತು ಮಿತಿಮೀರಿ ತಯಾರಾಗತೊಡಗುತ್ತದೆ. ಅದರ ಕರೆಗೆ ಓಗೊಟ್ಟು ರಕ್ತದಿಂದ ಭಕ್ಷಕ ಕೋಶಗಳು ಬಂದು ಸೇರುತ್ತವೆ. ಗಡ್ಡೆಯ ಬಹುಭಾಗ ಹೀಗೆ ಬಂದು ಸೇರಿದ ಕೋಶಗಳದ್ದೇ. ಇದು ಹೆತ್ತವರಿಂದ ಬಂದ ದೋಷವಲ್ಲ ಎಂದು ಅವರು ಒತ್ತಿ ಹೇಳಿದ ಮೇಲೆಯೇ ಅಕ್ಕನಿಗೆ ಸಮಾಧಾನವಾದದ್ದು. ದಪ್ಪಗಾಗಿ ಎಳೆಎಳೆಯಾದ ಆ ಪೊರೆ ಸಣ್ಣ ತಿಕ್ಕಾಟಕ್ಕೂ ರಕ್ತ ಸುರಿಸುತ್ತದೆ, ರಕ್ತದ ಕಬ್ಬಿಣ ಅಲ್ಲೇ ಉಳಿದು ತುಕ್ಕಿನ ಬಣ್ಣ ಕೊಡುತ್ತದೆ. ನೀರು ಕಂದಾಗುವುದು ಅದರಿಂದಲೇ, ಎಂಆರ್‌ಐಯಲ್ಲಿ ಕಪ್ಪು ಕಾಣುವುದೂ ಅದೇ ಕಬ್ಬಿಣದಿಂದ. ಮೂರು ಸಲ ಕಸಕ್ಕೆ ಹೋದ ಆ ನೀರಿನಲ್ಲಿ ರೋಗದ ಗುರುತು ಮೊದಲ ದಿನದಿಂದಲೂ ಇತ್ತೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕೀಲಿನಲ್ಲಿ ರಕ್ತ ಬಂದದ್ದೆಲ್ಲ ಪಿವಿಎನ್‌ಎಸ್ ಅಲ್ಲ. ಪೆಟ್ಟಿನಿಂದ ಅಸ್ಥಿರಜ್ಜು ಹರಿದಿರಬಹುದು, ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾ ಇರಬಹುದು, ರಕ್ತ ತೆಳುಮಾಡುವ ಔಷಧವೂ ಕಾರಣವಿರಬಹುದು. ಆದ್ದರಿಂದಲೇ ಎಂಆರ್‌ಐ ಮತ್ತು ಬಯಾಪ್ಸಿ ಬೇಕು. ಎಕ್ಸ್‌ರೇ ಸರಿಯಿದೆ ಎಂಬ ಮಾತಿಗೆ ನೆಮ್ಮದಿಪಡಬಾರದು, ಮೂಳೆ ಕೊರೆಯುವ ಮೊದಲಿನ ದಿನಗಳಲ್ಲಿ ಅದರಲ್ಲಿ ಏನೂ ಕಾಣದಿರುವುದೇ ಹೆಚ್ಚು.

ಚಿಕಿತ್ಸೆಯ ಮಟ್ಟಿಗೆ ಎಲ್ಲವೂ ಗಡ್ಡೆಯ ಬಗೆಯನ್ನು ಅವಲಂಬಿಸಿದೆ. ಒಂದೇ ಗಂಟಿನಂತಿದ್ದರೆ ಒಂದು ಶಸ್ತ್ರಚಿಕಿತ್ಸೆಯಲ್ಲಿ ಬಹುತೇಕ ಮುಗಿಯುತ್ತದೆ. ಇಡೀ ಪೊರೆಗೆ ಹಬ್ಬಿದ್ದರೆ ಕಷ್ಟ. ನಮ್ಮ ಹುಡುಗನದು ಎರಡನೆಯ ಬಗೆ. ಮಂಡಿಯ ಮುಂಭಾಗವನ್ನು ಜನರು ದುರ್ಬೀನು ಆಪರೇಷನ್ ಎನ್ನುವ ಆರ್ತ್ರೋಸ್ಕೋಪಿಯಿಂದ, ದೊಡ್ಡ ರಕ್ತನಾಳ ಮತ್ತು ನರ ಹಾದುಹೋಗುವ ಹಿಂಭಾಗವನ್ನು ಕೊಯ್ದು ತೆರೆದು ಸ್ವಚ್ಛಗೊಳಿಸಿದರು. ಹಬ್ಬಿದ ಬಗೆ ಮತ್ತೆ ತಲೆಯೆತ್ತುವುದು ಸಾಮಾನ್ಯ, ಕೆಲವು ವರದಿಗಳಲ್ಲಿ ಅರ್ಧದಷ್ಟು ರೋಗಿಗಳಲ್ಲಿ ಹಾಗಾಗಿದೆ. ಆದ್ದರಿಂದ ಮೊದಲ ಶಸ್ತ್ರಚಿಕಿತ್ಸೆಯನ್ನೇ ಇಂಥ ಗಡ್ಡೆಗಳನ್ನು ನೋಡಿ ಅನುಭವವಿರುವವರಿಂದ ಮಾಡಿಸಬೇಕು. ಉಳಿದ ಪೊರೆಯನ್ನು ಸುಡಲು ಇಟ್ರಿಯಂ-90ರಂಥ ವಿಕಿರಣಶೀಲ ವಸ್ತುವನ್ನು ಕೀಲಿನೊಳಗೆ ಚುಚ್ಚುವ ಪದ್ಧತಿಯೂ ಇದೆ. ಈ ಬಗೆಯ ವಸ್ತುಗಳ ಮೇಲೆ ನಮ್ಮ ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರವೇ ಕೆಲಸ ಮಾಡಿದೆ.

ಸಿಎಸ್‌ಎಫ್1ರ ಕರೆಯನ್ನೇ ತಡೆಯುವ ಗುಳಿಗೆಗಳೂ ಬಂದಿವೆ. ಅಮೆರಿಕದಲ್ಲಿ ಪೆಕ್ಸಿಡಾರ್ಟಿನಿಬ್‌ಗೆ 2019ರ ಆಗಸ್ಟ್‌ನಲ್ಲಿ, ವಿಮ್‌ಸೆಲ್ಟಿನಿಬ್‌ಗೆ 2025ರ ಫೆಬ್ರುವರಿಯಲ್ಲಿ ಅನುಮತಿ ಸಿಕ್ಕಿತು. ಮೊದಲನೆಯದರ ಪ್ರಯೋಗದಲ್ಲಿ 25 ವಾರಗಳಿಗೆ 39 ಪ್ರತಿಶತ ರೋಗಿಗಳ ಗಡ್ಡೆ ಗಮನಾರ್ಹವಾಗಿ ಕುಗ್ಗಿತ್ತು. ಔಷಧವಿಲ್ಲದ ಹುಸಿ ಗುಳಿಗೆ ಪಡೆದವರಲ್ಲಿ ಯಾರಿಗೂ ಹಾಗಾಗಲಿಲ್ಲ. ಆದರೆ ಅದು ಯಕೃತ್ತಿಗೆ ತೀವ್ರ ಹಾನಿ ಮಾಡಬಲ್ಲದಾದ್ದರಿಂದ ಯುರೋಪಿನ ಔಷಧ ಸಂಸ್ಥೆ 2020ರಲ್ಲಿ ಅದಕ್ಕೆ ಒಪ್ಪಿಗೆ ಕೊಡಲಿಲ್ಲ. ರಕ್ತದ ಕ್ಯಾನ್ಸರಿಗಾಗಿ ನಮ್ಮ ದೇಶದಲ್ಲೇ ತಯಾರಾಗುವ ಇಮಾಟಿನಿಬ್ ಕೂಡ ಕೆಲವರಲ್ಲಿ ಫಲ ಕೊಟ್ಟಿದೆ. ಜೀವಕ್ಕೆ ಎರವಲ್ಲದ ಕಾಯಿಲೆಗೆ ಇಂಥ ಗುಳಿಗೆಯನ್ನು ನುಂಗಬೇಕೆ ಎಂಬುದನ್ನು ಶಸ್ತ್ರಚಿಕಿತ್ಸಕರು ಮತ್ತು ಕ್ಯಾನ್ಸರ್ ವೈದ್ಯರು ಒಟ್ಟಿಗೆ ಕುಳಿತು ನಿರ್ಧರಿಸಬೇಕು. ಇದು ಔಷಧದಂಗಡಿಯಲ್ಲಿ ಕೇಳಿ ತರುವ ವಸ್ತುವಲ್ಲ.

ಸೋದರಳಿಯ ಈಗ ಹೋಟೆಲಿನ ಗಲ್ಲಾದ ಮೇಲೆ ಕೂರುತ್ತಾನೆ. ಮಂಡಿ ಪೂರ್ತಿ ಮಡಚುವುದಿಲ್ಲ, ಡೊಂಬಿವಲಿ ನಿಲ್ದಾಣದ ಮೆಟ್ಟಿಲುಗಳನ್ನು ಕಂಬಿ ಹಿಡಿದು ಇಳಿಯುತ್ತಾನೆ. ಎರಡನೆಯ ವರ್ಷದ ಎಂಆರ್‌ಐಯಲ್ಲಿ ಹಿಂಬದಿಗೆ ಒಂದು ಸಣ್ಣ ಕಪ್ಪು ಚುಕ್ಕೆ ಕಂಡಿದೆ. ಬೆಳೆಯುತ್ತದೆಯೇ ಎಂದು ನೋಡುತ್ತಿದ್ದಾರೆ.

ಇಂಥ ಸ್ಥಿತಿಯಲ್ಲಿರುವ ಓದುಗರಿಗೆ ಒಂದು ವಿನಂತಿ: ಎಂಆರ್‌ಐ ವರದಿಯೊಂದೇ ಸಾಲದು, ಅದರ ಚಿತ್ರಗಳನ್ನೂ, ಬಯಾಪ್ಸಿಯ ಸ್ಲೈಡು ಮತ್ತು ತೆಗೆದ ಚೂರನ್ನು ಹುದುಗಿಸಿಟ್ಟ ಮೇಣದ ಬ್ಲಾಕನ್ನೂ ಕೇಳಿ ಪಡೆದು ಜೋಪಾನವಾಗಿಡಿ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯಂಥ ಕಡೆ ಎರಡನೆಯ ಅಭಿಪ್ರಾಯಕ್ಕೆ ಹೋದಾಗ ಅವರು ಮೊದಲು ಕೇಳುವುದು ಇವನ್ನೇ.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಕೀಲಿನ ಗಡ್ಡೆಗಳ ಚಿಕಿತ್ಸೆಯಲ್ಲಿ ಪಳಗಿದ ವೈದ್ಯರೊಬ್ಬರಿಂದ ಈ ಕುರಿತು ಕನ್ನಡದಲ್ಲಿ ಒಂದು ಲೇಖನ ಬರೆಸಿ ಪ್ರಕಟಿಸಿದರೆ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ನಿಂತು ದುಡಿಯುವ ನಮ್ಮ ಹುಡುಗರಿಗೆ ಅದು ತಲುಪುತ್ತದೆ. ಅದಕ್ಕೆ ಬೇಕಾದರೆ ತನ್ನ ಎಂಆರ್‌ಐ ಚಿತ್ರಗಳನ್ನು, ಹೆಸರು ತೆಗೆದು, ಕೊಡಲು ನನ್ನ ಸೋದರಳಿಯ ಒಪ್ಪಿದ್ದಾನೆ.

ಇತಿ,
ತಮ್ಮ ಓದುಗ,
ಡೊಂಬಿವಲಿ ಪೂರ್ವ