ಕ್ರಾಸ್‌ಓವರ್ ಬಿಡಿಭಾಗ ಕೊಳ್ಳುವ ಮುನ್ನ

ಸದಸ್ಯರೇ, ಮನೆಯಲ್ಲೇ ಸ್ಪೀಕರ್ ಕಟ್ಟುತ್ತಿರುವವರು ಕ್ರಾಸ್‌ಓವರ್‌ನ, ಅಂದರೆ ಎತ್ತರದ ಸ್ವರಗಳನ್ನು ಟ್ವೀಟರ್‌ಗೂ ತಗ್ಗಿನ ಸ್ವರಗಳನ್ನು ವೂಫರ್‌ಗೂ ಹಂಚುವ ಸರ್ಕ್ಯೂಟ್‌ನ, ಬಿಡಿಭಾಗ ಕೊಳ್ಳುವ ಮೊದಲು ದಯವಿಟ್ಟು ಇದನ್ನು ಓದಿ.

ಟ್ವೀಟರ್‌ಗೆ ಸರಣಿಯಲ್ಲಿ ಬರುವ ಕೆಪಾಸಿಟರ್‌ಗೆ ಹಣ ಉಳಿಸಬೇಡಿ, ಪಾಲಿಪ್ರೊಪಿಲೀನ್ ಬಗೆಯದನ್ನೇ ಹಾಕಿ. ನಾನ್‌-ಪೋಲಾರ್ ಎಲೆಕ್ಟ್ರೋಲಿಟಿಕ್ ಅಗ್ಗ, ಆದರೆ ವರ್ಷಗಳು ಕಳೆದಂತೆ ಅದರ ಮೈಕ್ರೋಫ್ಯಾರಡ್ ಮೌಲ್ಯ ಜಾರುತ್ತದೆ. ವೂಫರ್‌ಗೆ ಸಮಾಂತರವಾಗಿ ದೊಡ್ಡ ಮೌಲ್ಯ ಬೇಕಾದಾಗ ಅದು ನಡೆಯುತ್ತದೆ. ಧನ-ಋಣ ಗುರುತಿರುವ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಮಾತ್ರ ಬೇಡವೇ ಬೇಡ.

ಕಾಯಿಲ್ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಎಲ್ಲರೂ ಮಿಲಿಹೆನ್ರಿ ನೋಡುತ್ತಾರೆ, ತಂತಿಯ ರೋಧವನ್ನು ಕೇಳುವವರಿಲ್ಲ. 8 ಓಮ್ ವೂಫರ್‌ನ ಮುಂದೆ 0.4 ಓಮ್ ರೋಧದ ಕಾಯಿಲ್ ಕೂತರೆ ಸುಮಾರು 0.4 ಡೆಸಿಬಲ್ ನಷ್ಟ. ಅದಕ್ಕಿಂತ ಹೆಚ್ಚಾದರೆ ಬಾಸ್‌ನ ಬಿಗಿಯೂ ಸಡಿಲವಾಗುತ್ತದೆ. ದಪ್ಪ ತಂತಿಯ, ಗಾಳಿ ತಿರುಳಿನ ಕಾಯಿಲ್ ನನ್ನ ಮೊದಲ ಆಯ್ಕೆ. ಕಬ್ಬಿಣದ ತಿರುಳಿನದು ಚಿಕ್ಕದು, ರೋಧವೂ ಕಡಿಮೆ, ಆದರೆ ಶಬ್ದ ಏರಿಸಿದಾಗ ತಿರುಳು ಕಾಂತತ್ವದಿಂದ ತುಂಬಿಹೋಗಿ (ಸ್ಯಾಚುರೇಷನ್) ಧ್ವನಿ ಒಡೆಯಬಹುದು. ಹಲಗೆಯ ಮೇಲೆ ಎರಡು ಕಾಯಿಲ್‌ಗಳನ್ನು ದೂರವಿಟ್ಟು, ಒಂದಕ್ಕೊಂದು ಲಂಬವಾಗಿ ಕೂರಿಸಿ.

ರೆಸಿಸ್ಟರ್‌ಗೆ 10 ವಾಟ್‌ನ ತಂತಿ ಸುತ್ತಿನದು ಸಾಮಾನ್ಯವಾಗಿ ಸಾಕು.

ಇನ್ನು ಲೆಕ್ಕ. 3,000 ಹರ್ಟ್ಸ್‌ನಲ್ಲಿ 8 ಓಮ್‌ಗೆ ಮೊದಲ ದರ್ಜೆಯ (ಟ್ವೀಟರ್‌ಗೆ ಒಂದೇ ಕೆಪಾಸಿಟರ್, ವೂಫರ್‌ಗೆ ಒಂದೇ ಕಾಯಿಲ್ ಇರುವ) ಕ್ರಾಸ್‌ಓವರ್‌ನ ಸೂತ್ರ ಹಾಕಿದರೆ 6.6 ಮೈಕ್ರೋಫ್ಯಾರಡ್, 0.42 ಮಿಲಿಹೆನ್ರಿ ಬರುತ್ತದೆ. ಆದರೆ ಯಾವ ಸ್ಪೀಕರೂ ಎಲ್ಲ ಆವರ್ತನಗಳಲ್ಲಿ 8 ಓಮ್ ಆಗಿರುವುದಿಲ್ಲ. ಆದ್ದರಿಂದ ನಿಮ್ಮ ಡ್ರೈವರ್‌ನ (ಟ್ವೀಟರ್, ವೂಫರ್) ಇಂಪೀಡೆನ್ಸ್ ನಕ್ಷೆಯನ್ನು, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಓಮ್ ಎಂದು ತೋರಿಸುವುದನ್ನು, ಮೊದಲು ಗುಂಪಿಗೆ ಕಳುಹಿಸಿ. ಒಟ್ಟಿಗೆ ಕೂತು ಮೌಲ್ಯ ನಿರ್ಧರಿಸೋಣ, ಆಮೇಲೆ ಕೊಳ್ಳಿ.