ಅಮ್ಮನ ವೋಟು ಊಟದ ಮೇಜಿನ ಮೇಲೆ, ವಾಚ್‌ಮನ್ ವೋಟು ಲಿಂಗಸುಗೂರಿನಲ್ಲಿ

ಮಾನ್ಯ ಸಂಪಾದಕರೇ,

2024ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ಅಮ್ಮ ಮನೆಯಲ್ಲೇ ವೋಟು ಹಾಕಿದರು. ಆಗ ಅವರಿಗೆ 88. ಬಿಎಲ್‌ಒ (ನಮ್ಮ ಬೂತಿನ ಮತದಾರರ ಪಟ್ಟಿ ನೋಡಿಕೊಳ್ಳುವವರು) ಮೊದಲೇ ಬಂದು, ಮನೆಯಲ್ಲೇ ವೋಟು ಹಾಕಲು ಬೇಕಾದ 12ಡಿ ಫಾರಂ ತುಂಬಿಸಿಕೊಂಡು ಹೋಗಿದ್ದರು. ಮತದಾನಕ್ಕೆ ಕೆಲವು ದಿನ ಮುಂಚೆ ಸಿಬ್ಬಂದಿ, ಒಬ್ಬ ಪೊಲೀಸ್, ಒಬ್ಬ ವಿಡಿಯೋದವನು ಬಂದರು. ಊಟದ ಮೇಜಿನ ಮೇಲೆ ರಟ್ಟಿನ ಮರೆ ಇಟ್ಟರು. ನನ್ನನ್ನು ಅಡುಗೆಮನೆಗೆ ಕಳಿಸಿದರು. "ಬಟನ್ ಎಲ್ಲಪ್ಪಾ?" ಅಂತ ಅಮ್ಮ ಕೇಳಿದ್ದು ಅಲ್ಲಿಗೂ ಕೇಳಿಸಿತು. ಬಟನ್ ಇಲ್ಲಮ್ಮ, ಪೇಪರು ಅಂದರು. ಗುರುತು ಹಾಕಿ, ಮಡಚಿ, ಚಿಕ್ಕ ಕವರು, ಅದರ ಮೇಲೊಂದು ದೊಡ್ಡ ಕವರು. ಇಪ್ಪತ್ತು ನಿಮಿಷದ ಕೆಲಸ.

ನಮ್ಮ ಕಟ್ಟಡದ ವಾಚ್‌ಮನ್ ಇದನ್ನೆಲ್ಲ ನೋಡುತ್ತಿದ್ದ. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯವನು. "ಸರ, ಅಮ್ಮಾರ ಓಟು ಮನೀಗೇ ಬಂದು ಒಯ್ದರು. ನಮ್ದು ಊರಾಗ ಐತ್ರಿ. ಹೋಗಿ ಬರಬೇಕಂದ್ರ ಎರಡು ದಿನದ ಪಗಾರ ಹೋಗತೈತಿ" ಅಂದ. ಬೆಂಗಳೂರಿನಲ್ಲಿ ಮತದಾನ ಏಪ್ರಿಲ್ 26, ರಾಯಚೂರಿನಲ್ಲಿ ಮೇ 7. ಅವನ ಹೆಂಡತಿ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋಗಿ ವೋಟು ಹಾಕಿ ಬಂದಳು. ಅವನು ಗೇಟಿನಲ್ಲೇ ಉಳಿದ. ಮತದಾನದ ದಿನ ಸಂಬಳ ಸಮೇತ ರಜೆ ಕೊಡಬೇಕು ಅಂತ ಕಾನೂನೇ ಇದೆ. ಆದರೆ ಒಂದು ದಿನದ ರಜೆಗೆ ಎರಡು ರಾತ್ರಿಯ ಪ್ರಯಾಣ.

ಫಾರಂ 8 ಕೊಟ್ಟು ವೋಟನ್ನು ಇಲ್ಲಿಗೇ ಬದಲಾಯಿಸಿಕೊಳ್ಳಲಿ ಅನ್ನುವುದು ಸುಲಭ. ಅವನು ಇರುವುದು ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ವಿಳಾಸಕ್ಕೆ ಯಾವ ಕಾಗದ ತರುತ್ತಾನೆ? ಅಲ್ಲದೆ ಇಲ್ಲಿಗೆ ಬದಲಾಯಿಸಿದರೆ ಊರಿನ ಪಂಚಾಯಿತಿ ವೋಟೂ ಹೋಗುತ್ತದೆ. ಅವನಿಗೆ ಮುಖ್ಯವಾಗಿ ಬೇಕಾಗಿರುವುದೇ ಆ ಪಂಚಾಯಿತಿ ವೋಟು.

ನಾನು ಮೇಷ್ಟ್ರಾಗಿದ್ದವನು, ಹಲವು ಚುನಾವಣೆಗಳಲ್ಲಿ ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ ಆಗಿದ್ದೆ. ಮಸ್ಟರಿಂಗ್ ದಿನ, ಅಂದರೆ ಮತದಾನದ ಹಿಂದಿನ ದಿನ ಸಾಮಾನು ತೆಗೆದುಕೊಳ್ಳುವಾಗ, ನಮಗೆ ಎಎಸ್‌ಡಿ ಪಟ್ಟಿ ಅಂತ ಒಂದು ಕೊಡುತ್ತಾರೆ. ಊರಲ್ಲಿ ಇಲ್ಲದವರು, ಮನೆ ಬದಲಿಸಿದವರು, ಸತ್ತವರು, ಎಲ್ಲರೂ ಅದರಲ್ಲೇ. ದುಡಿಯಲು ಹೋದವನಿಗೂ ಸತ್ತವನಿಗೂ ಒಂದೇ ಪಟ್ಟಿ!

ದೂರದಿಂದ ವೋಟು ಹಾಕುವುದು ಹೊಸದೇನಲ್ಲ. ಸೈನಿಕರಿಗೆ, ಚುನಾವಣಾ ಕೆಲಸದವರಿಗೆ ಮೊದಲಿನಿಂದ ಇದೆ. 2023ರಲ್ಲಿ ರಾಜ್ಯದಲ್ಲಿ 80 ದಾಟಿದವರಿಗೆ ಮನೆಯಿಂದಲೇ ವೋಟು ಬಂತು, ಮರುವರ್ಷ ಆ ವಯಸ್ಸನ್ನು 85 ಮಾಡಿದರು. ವಲಸಿಗರಿಗೆ ಅಂತ ಚುನಾವಣಾ ಆಯೋಗ 2022ರ ಕೊನೆಗೆ ಹೊಸ ಯಂತ್ರದ ಮಾತು ಎತ್ತಿತು, ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ವೋಟು ಹಾಕಿಸುವಂಥದ್ದು. 2023ರ ಜನವರಿಯಲ್ಲಿ ಪಕ್ಷಗಳನ್ನು ದೆಹಲಿಗೆ ಕರೆದರು. ವಿರೋಧ ಎಷ್ಟಿತ್ತೆಂದರೆ ಯಂತ್ರ ತೋರಿಸಲೂ ಆಗಲಿಲ್ಲ. ಅನುಮಾನಗಳು ಸುಳ್ಳೇನಲ್ಲ ಬಿಡಿ. ಲಿಂಗಸುಗೂರಿನ ಅಭ್ಯರ್ಥಿಯ ಏಜೆಂಟ್ ಬೇರೆ ರಾಜ್ಯದ ಬೂತಿನಲ್ಲಿ ಹೋಗಿ ಕೂರುತ್ತಾನಾ?

ಹಾಗಾದರೆ ರಾಜ್ಯದ ಒಳಗೇ ಶುರು ಮಾಡಬಹುದಲ್ವಾ? ಯಂತ್ರವೂ ಬೇಡ. ಮೊದಲೇ ಫಾರಂ ಕೊಟ್ಟವರಿಗೆ ಬೆಂಗಳೂರಿನಲ್ಲಿ ಒಂದು ಕೇಂದ್ರ ತೆರೆದು, ಅಲ್ಲೇ ಮರೆಯಲ್ಲಿ ಪೇಪರ್ ವೋಟು ಹಾಕಿಸಿ. ಅಂಚೆ ವೋಟಿನ ಪೇಪರನ್ನು ಮನೆಗೆ, ಶೆಡ್ಡಿಗೆ ಮಾತ್ರ ಕಳಿಸಬೇಡಿ. ಮೇಸ್ತ್ರಿ ಎಲ್ಲವನ್ನೂ ಒಟ್ಟು ಮಾಡಿ ತಾನೇ ಗೀಚುತ್ತಾನೆ. ಅವನೇ ಟೆಂಪೋ ತುಂಬ ಜನ ತಂದರೂ ಕೇಂದ್ರದ ಮರೆಯೊಳಗೆ ಹೋಗುವುದು ಒಬ್ಬೊಬ್ಬರೇ.

ಇನ್ನೊಂದು ಮಾತು, ಕವರಿನದು. ಒಮ್ಮೆ ಚುನಾವಣಾ ಡ್ಯೂಟಿಯಲ್ಲಿದ್ದಾಗ ಅಂಚೆ ವೋಟು ಹಾಕುವಾಗ 13ಎ ಘೋಷಣೆಯನ್ನು (ವೋಟಿನ ಜೊತೆ ಮತದಾರ ಸಹಿ ಹಾಕಿ ಕೊಡುವ ಕಾಗದ) ನಾನೇ ತಪ್ಪಿ ಒಳಗಿನ ಕವರಿಗೆ ಹಾಕಿ ಅಂಟಿಸಿಬಿಟ್ಟೆ. ಹೊರಗಿನ ಕವರಿನಲ್ಲಿ ಘೋಷಣೆ ಸಿಗದಿದ್ದರೆ ಎಣಿಸುವವರು ಒಳಗಿನದನ್ನು ಬಿಚ್ಚುವುದೇ ಇಲ್ಲ, ವೋಟು ತಿರಸ್ಕೃತ. ಊರಿಗೆಲ್ಲ ವೋಟು ಹಾಕಿಸಿದ ಪಿಆರ್‌ಒನ ವೋಟೇ ಕಸಕ್ಕೆ. 2023ರಲ್ಲಿ ನಮ್ಮ ಜಯನಗರದಲ್ಲಿ ಗೆಲುವಿನ ಅಂತರ ಬರೀ 16 ವೋಟು. ತಿರಸ್ಕೃತ ಅಂಚೆ ಮತಗಳ ಮೇಲೆ ತಡರಾತ್ರಿವರೆಗೂ ಜಗಳ ನಡೆಯಿತು. ಮೇಷ್ಟ್ರೇ ಎಡವುವ ಫಾರಂನ್ನು ಗಾರೆ ಕೆಲಸದವನ ಕೈಗೆ ಕೊಟ್ಟು ನೀನೇ ತುಂಬು ಅಂದರೆ ಆಗುವುದಿಲ್ಲ. ಕೇಂದ್ರದಲ್ಲಿ ತುಂಬಿಸಿಕೊಡುವ ಒಬ್ಬರು ಇರಬೇಕು.

ಹೊರದೇಶದಲ್ಲಿರುವವರ ಪರವಾಗಿ ಬೇರೆಯವರು ವೋಟು ಹಾಕುವ ಮಸೂದೆ 2018ರಲ್ಲಿ ಲೋಕಸಭೆಯಲ್ಲಿ ಪಾಸಾಗಿ ಆಮೇಲೆ ಬಿದ್ದುಹೋಯಿತು. ನನಗೇನೂ ಬೇಜಾರಿಲ್ಲ. ನನ್ನ ವೋಟು ಇನ್ನೊಬ್ಬರ ಕೈಗೆ ಯಾಕೆ ಕೊಡಲಿ? ಆದರೆ ಒಂದೇ ರಾಜ್ಯದಲ್ಲಿ, ಒಂದು ರಾತ್ರಿ ಬಸ್ಸಿನಷ್ಟು ದೂರ ಇರುವವರದು ಬೇರೆ ವಿಷಯ. 2028ರ ವಿಧಾನಸಭೆ ಚುನಾವಣೆಗೆ ಇನ್ನೂ ಸಮಯವಿದೆ. ರಾಯಚೂರು, ಯಾದಗಿರಿ ಎರಡೇ ಜಿಲ್ಲೆಯವರಿಗೆ ಬೆಂಗಳೂರಿನಲ್ಲಿ ಒಂದು ಕೇಂದ್ರ ತೆರೆದು ನೋಡಲಿ.

ನಿವೃತ್ತ ಪ್ರೌಢಶಾಲಾ ಶಿಕ್ಷಕ
ಜಯನಗರ, ಬೆಂಗಳೂರು