ಮೆನ್ಸಿಯಸ್ ಓದುತ್ತಿರುವ ಸೋದರ ಸೊಸೆಗೆ

ಚಿ. ಸುಮಾಳಿಗೆ ಅತ್ತೆಯ ಆಶೀರ್ವಾದಗಳು.

ಕನ್ಫ್ಯೂಷಿಯಸ್‌ನ ದಾರಿಯಲ್ಲಿ ನಡೆದ ಚೀನಾದ ತತ್ವಜ್ಞಾನಿ ಮೆನ್ಸಿಯಸ್‌ನ ಪುಸ್ತಕ ಓದಲು ನೀನು ಶುರು ಮಾಡಿದ್ದೀಯ ಅಂತ ನಿನ್ನ ಅಪ್ಪ ಹೇಳಿದ. ತುಂಬ ಖುಷಿಯಾಯಿತು. ಆದರೆ ಒಳ್ಳೊಳ್ಳೆ ಸಾಲುಗಳನ್ನಷ್ಟೇ ಹೆಕ್ಕಿ ನೋಟ್‌ಬುಕ್ಕಿಗೆ ಇಳಿಸುತ್ತಿದ್ದೀಯಂತೆ. ಅದನ್ನು ಸದ್ಯಕ್ಕೆ ಬಿಡು ಮಗಳೇ. ಕನ್ಫ್ಯೂಷಿಯಸ್‌ನ ಮಾತುಗಳನ್ನು ಶಿಷ್ಯರು ಕಲೆಹಾಕಿದ ಪುಸ್ತಕದಲ್ಲಿ ಎಷ್ಟೋ ಮಾತು ಒಂದೆರಡು ಸಾಲಿಗೇ ಮುಗಿಯುತ್ತದೆ. ಅಲ್ಲಿ ಹಾಗೆ ಓದಿದರೂ ನಡೆಯುತ್ತದೆ. ಮೆನ್ಸಿಯಸ್ ವಾದ ಮಾಡುವವನು. ಅವನ ಸೊಗಸೆಲ್ಲ ಇರುವುದು ಎದುರಿಗೆ ಕೂತವನನ್ನು ಮೆಲ್ಲಗೆ ದಾರಿಗೆ ತರುವುದರಲ್ಲಿ.

ಅವನ ಕಾಲ ಗೊತ್ತಲ್ವಾ? ಕ್ರಿಸ್ತಪೂರ್ವ 4ನೇ ಶತಮಾನ. ಚೀನಾದ ರಾಜ್ಯಗಳು ಒಂದರ ಮೇಲೊಂದು ದಂಡೆತ್ತಿ ಹೋಗುತ್ತಿದ್ದ ದಿನಗಳು. ಈಗಿನ ಶಾಂಡೊಂಗ್ ಕಡೆಯ ಪುಟ್ಟ ರಾಜ್ಯವೊಂದರಲ್ಲಿ ಹುಟ್ಟಿದ ಇವನು ಆ ದೊರೆಗಳ ಆಸ್ಥಾನಕ್ಕೇ ಹೋಗಿ ಮಾತಾಡುತ್ತಿದ್ದ. ಲಿಯಾಂಗ್‌ನ ದೊರೆ ಹುಯಿ, "ಇಷ್ಟು ದೂರ ಬಂದಿದ್ದೀರಿ, ನಮ್ಮ ರಾಜ್ಯಕ್ಕೆ ಏನಾದರೂ ಲಾಭ ಉಂಟೇ?" ಅಂತ ಕೇಳುತ್ತಾನೆ. "ಲಾಭದ ಮಾತೇಕೆ ದೊರೆ?" ಅನ್ನುತ್ತಾನೆ ಮೆನ್ಸಿಯಸ್. ಪುಸ್ತಕ ಶುರುವಾಗುವುದೇ ಅಲ್ಲಿಂದ.

ಛಿ ರಾಜ್ಯದ ದೊರೆ ಶುವಾನ್‌ನ ಎತ್ತಿನ ಪ್ರಸಂಗವನ್ನು ನಿಧಾನಕ್ಕೆ ಓದು. ಹೊಸ ಗಂಟೆಗೆ ಶಾಸ್ತ್ರದಂತೆ ಬಲಿಯ ರಕ್ತ ಬಳಿಯಲು ಎತ್ತೊಂದನ್ನು ಎಳೆದುಕೊಂಡು ಹೋಗುತ್ತಿರುತ್ತಾರೆ. ಅದು ನಡುಗುವುದನ್ನು ನೋಡಲಾರದೆ ದೊರೆ ಬಿಡಿಸುತ್ತಾನೆ. ಬದಲಿಗೆ ಕುರಿ ಕೊಡಿ ಅನ್ನುತ್ತಾನೆ. ದೊರೆ ಜಿಪುಣ ಅಂತ ಜನ ಆಡಿಕೊಳ್ಳುತ್ತಾರೆ. ಮೆನ್ಸಿಯಸ್ ಬೈಯುವುದೂ ಇಲ್ಲ, ಸುಮ್ನೆ ಹೊಗಳುವುದೂ ಇಲ್ಲ. ತಪ್ಪು ಮಾಡದ ಪ್ರಾಣಿ ಸಾಯುತ್ತದಲ್ಲ ಅಂತ ನೊಂದಿದ್ದರೆ, ಎತ್ತಿಗೂ ಕುರಿಗೂ ಏನು ವ್ಯತ್ಯಾಸ ಅಂತ ಕೇಳುತ್ತಾನೆ. ದೊರೆಗೆ ನಗು ಬರುತ್ತದೆ, ತನ್ನ ಮನಸ್ಸೇ ತನಗೆ ತಿಳಿಯದು. ಆಗ ಮೆನ್ಸಿಯಸ್ಸೇ ಬಿಡಿಸಿ ಹೇಳುತ್ತಾನೆ: ನೀವು ಎತ್ತನ್ನು ನೋಡಿದಿರಿ, ಕುರಿಯನ್ನು ನೋಡಿರಲಿಲ್ಲ. ದೊರೆಯ ಮನಸ್ಸು ತುಂಬಿ ಬಂದ ಮೇಲೆ ಪಟ್ಟು ಹಾಕುತ್ತಾನೆ. ಪ್ರಾಣಿಯವರೆಗೂ ಮುಟ್ಟುವ ಕರುಣೆ ನಿಮ್ಮ ಪ್ರಜೆಗಳನ್ನು ಯಾಕೆ ಮುಟ್ಟುವುದಿಲ್ಲ? ಆಗದು ಅಂತಲ್ಲ, ನೀವು ಮಾಡುತ್ತಿಲ್ಲ, ಅಷ್ಟೆ. ಈ ಕೊನೆಯ ಮಾತನ್ನು ಮಾತ್ರ ಬರೆದುಕೊಂಡರೆ ಅದು ಬರೀ ಉಪದೇಶ. ಎತ್ತಿನಿಂದ ಇಲ್ಲಿಯವರೆಗೆ ಜೊತೆಗೆ ನಡೆದು ಬಂದರೆ ದೊರೆಯಂತೆ ನಾವೂ ಸಿಕ್ಕಿಬೀಳುತ್ತೇವೆ. ಇಷ್ಟು ಜಾಣ ಗದ್ಯ ನಾನು ಜಾಸ್ತಿ ಓದಿಲ್ಲ.

ಈ ಮಾತುಗಳ ಬಿಸಿ ಬೇಗ ಆರಲಿಲ್ಲ. 12ನೇ ಶತಮಾನದಲ್ಲಿ ಝು ಶಿ ಎಂಬ ವಿದ್ವಾಂಸ ಈ ಪುಸ್ತಕವನ್ನು ಕನ್ಫ್ಯೂಷಿಯಸ್ ಪಂಥದ ನಾಲ್ಕು ಮುಖ್ಯ ಗ್ರಂಥಗಳ ಸಾಲಿಗೆ ಸೇರಿಸಿದ. ಮುಂದೆ ಸರ್ಕಾರಿ ಕೆಲಸದ ಪರೀಕ್ಷೆಗೂ ಇದೇ ಪಠ್ಯವಾಯಿತು. ಪ್ರಜೆ ಮೊದಲು, ದೊರೆ ಕೊನೆಗೆ ಅನ್ನುವಂಥ ಮಾತು ಮಿಂಗ್ ವಂಶದ ಮೊದಲ ಚಕ್ರವರ್ತಿಗೆ ಸಹಿಸಲಾಗಲಿಲ್ಲ. 1394ರಲ್ಲಿ 85 ಭಾಗಗಳನ್ನು ತೆಗೆಸಿ ಹಾಕಿದ. ಅಷ್ಟು ಶತಮಾನ ಕಳೆದರೂ ಸಿಂಹಾಸನದ ಮೇಲಿದ್ದವನಿಗೆ ಚುಚ್ಚಿತು ನೋಡು.

ಒಂದು ಸಂಭಾಷಣೆಯನ್ನು ಒಂದೇ ಸಲ ಕೂತು ಪೂರ್ತಿ ಓದು. ಯಾರು ಕೇಳಿದರು, ಅವರಿಗೆ ಏನು ಬೇಕಿತ್ತು ಅನ್ನುವುದನ್ನು ಮೊದಲು ಗುರುತಿಸು. ಎರಡನೇ ಸಲ ಗಟ್ಟಿಯಾಗಿ ಓದು. ಬಾವಿಗೆ ಬೀಳಲಿರುವ ಮಗುವಿನ ಭಾಗಕ್ಕೆ ಬಂದಾಗ ಫೋನ್ ಮಾಡು, ಅದರ ಬಗ್ಗೆ ನಿನ್ನ ಹತ್ತಿರ ತುಂಬ ಮಾತಾಡಬೇಕು.

ಇಂತಿ,
ನಿನ್ನ ಅತ್ತೆ